ದೊಡ್ಡಪ್ಪನ ತಲೆಯೊಳಗಿನ ನಾಟಿ

ನಮ್ಮ ದೊಡ್ಡಪ್ಪನ ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲ. ಆದರೆ ಒಳಗೆ ದಿನಾ ಹೊಸ ಸಸಿ ಏಳುತ್ತವಂತೆ! ತಮ್ಮೂರು ನವಲಿಯ ಚಹಾದಂಗಡಿಯಲ್ಲಿ ಕೂತು ಅವರೇ ಸಾರುತ್ತಾರೆ.

ಇದಕ್ಕೆಲ್ಲ ಕಾರಣ ಕೊಪ್ಪಳದ ಡಾಕ್ಟರು. ದೊಡ್ಡಮ್ಮನಿಗೆ ಮರೆವು ಶುರುವಾಗಿ, ಸ್ವಂತ ತಂಗಿಯ ಹೆಸರೇ ನೆನಪಾಗದಿದ್ದಾಗ ದೊಡ್ಡಪ್ಪ ಅವಳನ್ನು ಅಲ್ಲಿಗೆ ಕರೆದೊಯ್ದಿದ್ದರು. ವಯಸ್ಸಾದ ಮೇಲೂ ಮೆದುಳಿನಲ್ಲಿ ಹೊಸ ಜೀವಕೋಶ ಹುಟ್ಟಬಹುದು, ಓಡಾಡುತ್ತ ಹೊಸದೇನಾದರೂ ಕಲಿಯುತ್ತಿದ್ದರೆ ಅವು ಉಳಿಯಲೂಬಹುದು ಎಂದರು ಡಾಕ್ಟರು. ಜೀವಮಾನವೆಲ್ಲ ಭತ್ತ ಬೆಳೆದ ಮನುಷ್ಯ ಸುಮ್ಮನಿರುತ್ತಾರೆಯೇ?

"ಅಂದ್ರ ಸಸಿ ಎದ್ರ ಸಾಲದು, ನಾಟಿ ಹಚ್ಚಬೇಕು. ಯೂರಿಯಾ ಎಷ್ಟು ಬೇಕ್ರಿ?"

"ಅವಸರ ಬ್ಯಾಡ್ರಿ. ವಯಸ್ಸಾದ ಮನುಷ್ಯರಾಗ ಹುಟ್ಟತಾವೋ ಇಲ್ಲೋ ಅಂತ ವಿಜ್ಞಾನಿಗಳು ಇನ್ನೂ ಜಗಳಾಡಾಕತ್ಯಾರ."

"ಅವರ ಜಗಳ ಹರಿಯೂದ್ರಾಗ ನಾವು ನಾಟಿ ಮುಗಸ್ತೀವಿ ಬಿಡ್ರಿ!"

ಮರುದಿನದಿಂದಲೇ ಗಂಡಹೆಂಡತಿಗೆ ಪಾಠ ಶುರು. ಪಕ್ಕದ ಕ್ಯಾಂಪಿನಲ್ಲಿ ನೆಲೆಸಿದ ಆಂಧ್ರದ ರೈತರ ಹತ್ತಿರ ತೆಲುಗು ಕಲಿತರು. ಅಭ್ಯಾಸಕ್ಕೆಂದು ದೊಡ್ಡಪ್ಪ ಎಮ್ಮೆಯನ್ನು ತೆಲುಗಿನಲ್ಲಿ ಗದರಿಸಿದರು. ಅದು ಎರಡು ಹೊತ್ತು ಹಾಲೇ ಕೊಡಲಿಲ್ಲ! ಗೊತ್ತಿರುವ ದಾರಿಯಲ್ಲಿ ಹೋದರೆ ಮೆದುಳು ಮಲಗಿಬಿಡುತ್ತದೆಂದು, ಹುಲಿಗೆಮ್ಮನ ದರ್ಶನಕ್ಕೆ ಬೈಕಿನಲ್ಲಿ ಹೊಸ ದಾರಿ ಹಿಡಿದರು. ಮಧ್ಯಾಹ್ನ ಫೋನ್ ಮಾಡಿದರೆ ಇಬ್ಬರೂ ಬೇರೆಯದೇ ದಿಕ್ಕಿನ ಕುಷ್ಟಗಿಯಲ್ಲಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು.

"ದೊಡ್ಡಪ್ಪ, ದಾರಿ ತಪ್ಪಿದ್ರೇನ್ರಿ?"

"ತಪ್ಪಿಲ್ಲೋ ತಮ್ಮಾ, ಕಲಿಯಾಕತ್ತೀವಿ!"

ಮೊನ್ನೆ ಹೋದಾಗ ನೋಡಿದರೆ ದೊಡ್ಡಪ್ಪ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ! ಮೀಸೆಯೆಲ್ಲ ಹಿಟ್ಟು. ಬಿದ್ದು ಬಿದ್ದು ನಕ್ಕೆ.

"ಇದೂ ನಾಟಿ ಏನ್ರಿ?"

ಅವರು ನಗಲಿಲ್ಲ. ಪಕ್ಕದಲ್ಲಿ ದೊಡ್ಡಮ್ಮ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ನಮ್ಮನ್ನೆಲ್ಲ ರೊಟ್ಟಿ ಬಡಿದು ಬೆಳೆಸಿದವಳಿಗೆ ಮುಂದೇನು ಮಾಡಬೇಕೆಂದು ತೋಚುತ್ತಿರಲಿಲ್ಲ.

"ಆಕಿ ತಲ್ಯಾಗ ಸಸಿ ಎದ್ರ ಛಲೋ," ಎಂದರು ದೊಡ್ಡಪ್ಪ ಮೆಲ್ಲಗೆ. "ಏಳಲಿಲ್ಲಂದ್ರ ಆಕಿ ಮರ್ತಿದ್ದೆಲ್ಲಾ ನಾ ಕಲ್ತಿಟ್ಕೋತೀನಿ. ಇಬ್ಬರಾಗ ಒಬ್ಬರಿಗೆ ನೆನಪಿದ್ರ ಸಾಕಲ್ಲೋ."

ಅಷ್ಟರಲ್ಲಿ ದೊಡ್ಡಮ್ಮ ಅವರ ರೊಟ್ಟಿಯನ್ನೇ ದಿಟ್ಟಿಸಿ, ಹಳೆಯ ಗತ್ತಿನಲ್ಲಿ ಗದರಿದಳು: "ಅಂಚು ನೋಡ್ರಿ, ಎಷ್ಟು ದಪ್ಪ ಆಗೈತಿ! ಎತ್ತು ತಿನ್ನಬೇಕು ಇದನ್ನ!"

"ಬೈದ್ಳು!" ದೊಡ್ಡಪ್ಪನ ಕಣ್ಣು ತುಂಬಿ ಬಂದವು. "ಕೇಳಿದೇನೋ? ಬೈದ್ಳು!"

ಹಂಚಿನ ಮೇಲಿದ್ದ ರೊಟ್ಟಿ ಹೊತ್ತುತ್ತಿತ್ತು. ಅದನ್ನು ತಿರುವಿ ಹಾಕುವುದು ಮೂವರಿಗೂ ನೆನಪಾಗಲಿಲ್ಲ.