ಗುಮಾಸ್ತರ ಕೀಚುಗಾಡಿ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಕೀಚು ಸದ್ದು.

ನೀರು ಸರಬರಾಜು ಕಚೇರಿಯ ಗುಮಾಸ್ತರ ಮೋಟರ್ ಸೈಕಲ್ಲು ಈಚೆಗೆ ಕೀಚಲು ಶುರು ಮಾಡಿತ್ತು. ವಿಚಿತ್ರವೆಂದರೆ ಖಾಲಿ ಗಾಡಿಯನ್ನು ತಳ್ಳಿಕೊಂಡು ಹೋದರೆ ಅದು ತುಟಿಪಿಟಿಕ್ಕೆನ್ನುತ್ತಿರಲಿಲ್ಲ. ಮೇಲೆ ಯಾರಾದರೂ ಕೂತು ಹೊರಟರೆ ಸಾಕು, 'ಕೀಂಚ್, ಕೀಂಚ್' ಎಂದು ಬೀದಿಗೆಲ್ಲ ಸಾರುತ್ತಿತ್ತು. ಗುಮಾಸ್ತರು ಮೂಲೆ ತಿರುಗುವಷ್ಟರಲ್ಲಿ ಬೇಕರಿಯವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಎದುರು ಮನೆಯ ಅಜ್ಜಿ ಒಳಗಿನಿಂದಲೇ 'ಬಂದ್ರಾ?' ಎಂದು ಕೇಳುತ್ತಿದ್ದರು. ಇಂಥ ಊರುಬಾಗಿಲ ನಗಾರಿಯ ಮೇಲೆ ಕೂರಲು ಯಾವ ಹೆಂಡತಿ ತಾನೆ ಒಪ್ಪುತ್ತಾಳೆ? ಗುಮಾಸ್ತರ ಹೆಂಡತಿ ಶಿಶುವಿಹಾರದ ಟೀಚರು. ಒಂದು ದಿನ ಗಾಡಿಯಿಂದ ಇಳಿಯುವಾಗ ಅವರದೇ ಪುಟಾಣಿ ಶಿಷ್ಯರು ಸಾಲಾಗಿ ನಿಂತು 'ಕೀಂಚ್ ಟೀಚರ್, ನಮಸ್ತೆ' ಎಂದರು. ಅಂದಿನಿಂದ ಅವರು ಬಸ್ಸು ಹಿಡಿದರು.

ಗುಮಾಸ್ತರಿಗೆ ಎದೆ ಚುರ್ ಎಂದಿತು. ಮದುವೆಯಾದ ಹೊಸತರಲ್ಲಿ ಕೊಂಡ ಗಾಡಿ ಅದು. ಮೊದಲ ದಿನ ಹೆಂಡತಿ ಹಿಂದೆ ಕೂತು ಹೆಗಲ ಮೇಲೆ ಕೈಯಿಟ್ಟಾಗ ಅವರಿಗೆ ಲೋಕದ ಎಲ್ಲ ರಸ್ತೆಗಳೂ ಇಳಿಜಾರಾಗಿ ಕಂಡಿದ್ದವು. ಮೇಲಧಿಕಾರಿ ಬೈದ ದಿನವೂ ಸಂಜೆ ಆ ಕೈ ಹೆಗಲ ಮೇಲೆ ಬಿದ್ದರೆ ಎಲ್ಲ ಮರೆತುಹೋಗುತ್ತಿತ್ತು. ಈಗ ಹೆಗಲು ಬರಿದಾಗಿತ್ತು.

ಇದರ ಮೇಲೆ ಗಾಯಕ್ಕೆ ಉಪ್ಪು ಸವರಲು ಭಾವ ಇದ್ದರು. ಹೆಂಡತಿಯ ಅಣ್ಣ, ಶಿಶುವಿಹಾರದ ಪಕ್ಕದಲ್ಲೇ ಅವರದು ಕನ್ನಡಕದ ಅಂಗಡಿ, ಮೇಲಾಗಿ ಬಡಾವಣೆಯ ಸಂಘದ ಅಧ್ಯಕ್ಷರು. ಭಾವನೂ ಭಾವಮೈದುನನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಕಪ್ಪು ಬಣ್ಣದ ಗಾಡಿ ಕೊಂಡವರು. ಜೋಡಿ ಎತ್ತುಗಳ ಹಾಗಿದ್ದ ಆ ಗಾಡಿಗಳ ಕೀಲಿಕೈಗಳು ವರ್ಷಗಟ್ಟಲೆ ಸವೆದು, ಈಗ ಹೇರ್‌ಪಿನ್ನು ತೂರಿಸಿದರೂ ತಿರುಗುವ ಸ್ಥಿತಿಗೆ ಬಂದಿದ್ದವು. ಆದರೆ ಭಾವನ ಗಾಡಿ ಕೀಚುತ್ತಿರಲಿಲ್ಲ. ಅದನ್ನು ಅವರು ದಿನಕ್ಕೊಮ್ಮೆಯಾದರೂ ನೆನಪಿಸದೆ ಬಿಡುತ್ತಿರಲಿಲ್ಲ. ಮೊನ್ನೆಯಂತೂ ತಂಗಿಯ ಮನೆಗೆ ಬಂದು, ಗುಮಾಸ್ತರ ಗಾಡಿಗೆ ತಾವೇ ಒಬ್ಬ ಗಿರಾಕಿಯನ್ನು ಗೊತ್ತು ಮಾಡಿರುವುದಾಗಿಯೂ, ಭಾನುವಾರ ಬೆಳಿಗ್ಗೆ ಆತ ಬಂದು ಒಯ್ಯುವನೆಂದೂ ಹೇಳಿ ಕಾಫಿ ಕುಡಿದು ಹೋದರು.

ಗುಮಾಸ್ತರು ಹೆಂಡತಿಯ ಮುಂದೆ ಗೋಗರೆದರು. ಕೊನೆಗೆ ಆಕೆ ಒಂದು ಮಾತಿಗೆ ಒಪ್ಪಿದರು. ಶನಿವಾರ ಸಂಜೆ ಸಂಘದ ಸಭಾಂಗಣದಲ್ಲಿ 'ನಮ್ಮ ಗಾಡಿ, ನಮ್ಮ ಕೈ' ಎಂಬ ಕಲಿಕಾ ಕಾರ್ಯಕ್ರಮವಿತ್ತು. ಮೋಟರ್ ಸೈಕಲ್ಲಿನ ಸಣ್ಣಪುಟ್ಟ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳುವುದನ್ನು ಅಲ್ಲಿ ಹೇಳಿಕೊಡುವವರಿದ್ದರು.

"ನೋಡಿ, ಅಲ್ಲಿ ಆ ಸದ್ದು ನಿಂತ್ರೆ ಗಾಡಿ ಮನೇಲಿರಲಿ. ನಿಲ್ಲದಿದ್ರೆ ಅಣ್ಣ ಹೇಳಿದ ಹಾಗೆ ಮಾರಿಬಿಡೋಣ. ಆಮೇಲೆ ಮುಖ ಸಣ್ಣದು ಮಾಡ್ಕೊಂಡು ಕೂರಬಾರದು."

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಬರದೆ ಇದ್ದವನು ಹೇಳಿಕೊಡಬೇಕಿದ್ದ ಮೆಕ್ಯಾನಿಕ್ಕು ಒಬ್ಬನೇ. ತನ್ನ ಅಂಗಡಿಯಲ್ಲಿ ರಿಪೇರಿಯ ಗಾಡಿಗಳು ರಾಶಿ ಬಿದ್ದಿವೆ, ಬಿಡುವಿಲ್ಲ ಎಂದು ಅವನು ಫೋನು ಮಾಡಿದ್ದ. ಭಾವ ಇದಕ್ಕೆಲ್ಲ ಜಗ್ಗುವ ಆಸಾಮಿಯಲ್ಲ. ಅಂಗಿಯ ತೋಳು ಮಡಚಿ, ಸ್ಪ್ಯಾನರನ್ನು ರಾಜದಂಡದಂತೆ ಹಿಡಿದು, ತಾವೇ ಪಾಠ ಮಾಡುವುದಾಗಿ ಘೋಷಿಸಿದರು. ಪಾಠಕ್ಕೆ ಒಂದು ಗಾಡಿ ಬೇಕಲ್ಲ? ಎಲ್ಲರೂ ತಂತಮ್ಮ ಗಾಡಿಯ ನೆನಪಾಗಿ ಚಾವಣಿ ನೋಡತೊಡಗಿದರು. ಭಾವನ ಕಣ್ಣು ಗುಮಾಸ್ತರ ಮೇಲೆ ಬಿತ್ತು. ಹೇಗಿದ್ದರೂ ಮಾರುವ ಗಾಡಿ, ಒಳಗೆ ತಾ ಎಂದರು. ಗುಮಾಸ್ತರಿಗೂ ಅದೇ ಬೇಕಿತ್ತು.

ಅಂಗಳದಲ್ಲಿ ಕತ್ತಲು ಕವಿದಿತ್ತು. ಸಾಲಾಗಿ ನಿಂತ ಗಾಡಿಗಳ ನಡುವೆ ಗುಮಾಸ್ತರು ತಡವರಿಸಿ, ಕೀಲಿಕೈ ತಿರುಗಿಸಿ, ಗಾಡಿಯನ್ನು ತಳ್ಳಿಕೊಂಡು ಬಂದರು. ಹ್ಯಾಂಡಲ್ಲು ಎಂದಿಗಿಂತ ಮೆತ್ತಗೆ ತಿರುಗಿತು. ಪಾಪ, ಪರೀಕ್ಷೆಯ ದಿನವೆಂದು ಇದಕ್ಕೂ ಗೊತ್ತಾಗಿದೆ ಎಂದುಕೊಂಡು ಅವರು ಟ್ಯಾಂಕನ್ನು ಒಮ್ಮೆ ಸವರಿದರು.

ಭಾವ ಮೊದಲು ಸೀಟು ಬಿಚ್ಚಿಸಿ ಗೋಡೆಗೆ ಒರಗಿಸಿದರು. ಗುಮಾಸ್ತರ ಹೆಂಡತಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಮೇಲೆ ಎರಡೂ ಪಕ್ಕದ ಮುಚ್ಚಳ ಹೋದವು. ತಲೆ ಬೋಳಿಸಿದ ಮೇಲೆ ಎಲ್ಲರೂ ಒಂದೇ ಥರ ಕಾಣುವಂತೆ, ಅದು ಯಾರದೋ ಗಾಡಿಯ ಹಾಗೆ ನಿಂತಿತು. ಭಾವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೂಗು ಮುರಿದರು. ಚೈನಿನ ಮೇಲೆ ಬೆರಳಾಡಿಸಿ ಕರಿ ಮಸಿಯನ್ನು ಸಭೆಗೆಲ್ಲ ತೋರಿಸಿದರು. ಬ್ರೇಕು ನೋಡಿ ತಲೆ ಚಚ್ಚಿಕೊಂಡರು.

"ನೋಡಿ ಸ್ವಾಮಿ, ಗಾಡಿ ಹೇಗಿಟ್ಕೋಬಾರದು ಅನ್ನೋದಕ್ಕೆ ಇದೇ ಉದಾಹರಣೆ. ಇದನ್ನ ಓಡಿಸ್ತಿರೋ ಮನುಷ್ಯನಿಗೆ ಗಾಡಿ ಅಲ್ಲ, ಕತ್ತೆ ಕೊಟ್ಟಿದ್ರೂ ಅದು ಬಿಟ್ಟು ಓಡಿಹೋಗ್ತಿತ್ತು."

ಸಭೆ ನಕ್ಕಿತು. ಗುಮಾಸ್ತರು ಬೆವರು ಒರೆಸಿಕೊಂಡರು. ತಮ್ಮ ಗಾಡಿ ಇಷ್ಟೊಂದು ಹದಗೆಟ್ಟಿದೆಯೆಂದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಇನ್ನು ಶುರುವಾಯಿತು ಬಿಚ್ಚುವ ಕಾರ್ಯಕ್ರಮ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಉತ್ಸಾಹ ಎಲ್ಲರಲ್ಲೂ ಉಕ್ಕಿತು. ಬೀದಿಯ ಹಲ್ಲಿನ ಡಾಕ್ಟರು ಮುಂದೆ ಬಂದು, ಇದು ತಮ್ಮ ಕ್ಷೇತ್ರವೆಂದು ಸ್ಪಾರ್ಕ್ ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತರು. ಅಭ್ಯಾಸಬಲದಿಂದ, ನೋವಾಗಲ್ಲ ಎಂದೂ ಹೇಳಿದರು. ಬೇಕರಿಯವರು ಚೈನನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಹಿಟ್ಟು ನಾದುವಂತೆ ನಾದಿದರು. ಎಲ್ಲರಿಗಿಂತ ಹುರುಪು ಭಾವನದು. ಬಿಗಿಯಾಗಿದ್ದ ಒಂದು ನಟ್ಟು ಜಪ್ಪಯ್ಯ ಎಂದರೂ ಬರದಿದ್ದಾಗ ಸುತ್ತಿಗೆ ತರಿಸಿ ಏಟಿನ ಮೇಲೆ ಏಟು ಹಾಕಿದರು. ಗುಮಾಸ್ತರು, ಸ್ವಲ್ಪ ನಿಧಾನ ಭಾವ ಎಂದು ಅಂಗಲಾಚಿದರೆ, ಗಾಡಿಗೆ ಹೆದರಿದರೆ ಗಾಡಿ ಹೆದರಿಸುತ್ತದೆ ಎಂಬ ಉಪದೇಶ ಬಂತು. ಪ್ರತಿ ಏಟಿಗೂ ಗುಮಾಸ್ತರು ಕಣ್ಣು ಮುಚ್ಚಿದರು.

ಬಿಚ್ಚುವುದಕ್ಕೆ ಆದ ಗಲಾಟೆಯ ಇಮ್ಮಡಿ ಜೋಡಿಸುವುದಕ್ಕೆ ಆಯಿತು. ಪ್ರತಿಯೊಂದು ಭಾಗಕ್ಕೂ ಎರಡು ಪಕ್ಷಗಳಾದವು. ಅಂತೂ ಇಂತೂ ಗಾಡಿ ಮತ್ತೆ ಗಾಡಿಯ ಆಕಾರಕ್ಕೆ ಬಂದಾಗ ನೆಲದ ಮೇಲೆ ಒಂದು ನಟ್ಟು ಉಳಿದಿತ್ತು. ಎಲ್ಲರೂ ಅದನ್ನು ಬಗ್ಗಿ ನೋಡಿದರು. ಯಾರಿಗೂ ಅದರ ತವರುಮನೆ ಹೊಳೆಯಲಿಲ್ಲ.

"ಕಂಪನಿಯವರು ಯಾವಾಗ್ಲೂ ಒಂದು ಜಾಸ್ತಿನೇ ಹಾಕಿರ್ತಾರಯ್ಯ," ಎಂದು ಭಾವ ತೀರ್ಪು ಕೊಟ್ಟರು. ಗುಮಾಸ್ತರು ಅದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಈಗ ಪರೀಕ್ಷೆ. ಸಭಾಂಗಣದ ಉದ್ದಕ್ಕೂ ಕುರ್ಚಿಗಳನ್ನು ಸರಿಸಿ ದಾರಿ ಮಾಡಿದರು. ಗುಮಾಸ್ತರು ಗಾಡಿ ಹತ್ತಿ, ಹೆಂಡತಿಯ ಕಡೆ ನೋಡಿದರು. ಆಕೆ ಒಂದು ಕ್ಷಣ ಯೋಚಿಸಿ, ಸೆರಗು ಸರಿಮಾಡಿಕೊಂಡು, ಹಿಂದೆ ಕೂತರು. ಹೆಗಲ ಮೇಲೆ ಕೈ ಬಿತ್ತು. ಗಾಡಿ ಗುಡುಗುಡು ಎಂದು ಹೊರಟು, ಆ ಕೊನೆಗೆ ಹೋಗಿ, ತಿರುಗಿ ಬಂತು. ಕೀಚಿಲ್ಲ. ಮತ್ತೊಂದು ಸುತ್ತು. ಕೀಚಿನ ಸುಳಿವೇ ಇಲ್ಲ. ಅಷ್ಟು ಜನ ನೋಡುತ್ತಿದ್ದಾರೆಂಬ ನಾಚಿಕೆ ಇಲ್ಲದಿದ್ದರೆ ಗುಮಾಸ್ತರು ಅಲ್ಲೇ ಅತ್ತುಬಿಡುತ್ತಿದ್ದರು.

ಹೆಂಡತಿ ಇಳಿದು, ಗಾಡಿ ಮಾರುವುದಿಲ್ಲವೆಂದು ಎಲ್ಲರೆದುರು ಹೇಳಿದರು. ಚಪ್ಪಾಳೆ ಬಿತ್ತು. ಅದನ್ನು ಭಾವ ಕೈ ಮುಗಿದು ತಮ್ಮ ಖಾತೆಗೆ ಜಮಾ ಮಾಡಿಕೊಂಡರು. ಎಂಥ ಮೊಂಡು ಗಾಡಿಯಾದರೂ ಯೋಗ್ಯರ ಕೈಗೆ ಬಿದ್ದರೆ ಹೀಗೆ ಸರಿಹೋಗುತ್ತದೆಂದು ಭಾಷಣ ಮುಗಿಸಿ, ಅಂಗಡಿ ಬಾಗಿಲು ಹಾಕಬೇಕೆಂದು ಹೊರಗೆ ನಡೆದರು.

ಅಂಗಳದಲ್ಲಿ ಗಾಡಿ ಶುರುವಾದ ಸದ್ದು ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಸದ್ದು.

ಕೀಂಚ್. ಕೀಂಚ್. ಕೀಂಚ್.

ಎಲ್ಲರೂ ಗುಮಾಸ್ತರನ್ನು ನೋಡಿದರು. ಗುಮಾಸ್ತರು ಒಳಗೇ ಇದ್ದರು, ಕೈಯಲ್ಲಿ ಗಾಡಿಯ ಹ್ಯಾಂಡಲ್ಲೂ ಇತ್ತು. ಕೀಚು ಗೇಟಿನ ತನಕ ಹೋಗಿ ನಿಂತಿತು. ಜನವೆಲ್ಲ ಟಾರ್ಚು ಹಿಡಿದು ಹೊರಗೆ ಓಡಿದರು. ಭಾವ ಕೆಳಗಿಳಿದು ಗಾಡಿಯ ನಂಬರು ಓದುತ್ತಿದ್ದರು. ಒಮ್ಮೆ ಕನ್ನಡಕ ಹಾಕಿ ಓದಿದರು, ಒಮ್ಮೆ ತೆಗೆದು ಓದಿದರು. ಹೇಗೆ ಓದಿದರೂ ಅದು ಗುಮಾಸ್ತರ ನಂಬರೇ. ಆಮೇಲೆ ಒಳಗೆ ಬಂದು, ತಾವು ಇಷ್ಟು ಹೊತ್ತು ಸುತ್ತಿಗೆಯಲ್ಲಿ ಬಡಿದ ಗಾಡಿಯ ಹಿಂದೆ ಮೆಲ್ಲಗೆ ಬಗ್ಗಿದರು. ಬಾವಿಗೆ ತಳ್ಳಿದ ಮಗು ಯಾರದೆಂದು ಆಗ ಗೊತ್ತಾಯಿತು.

ತಂಗಿಯೇ ಮೊದಲು ಮಾತಾಡಿದ್ದು. "ಅಣ್ಣಾ, ಆ ಕತ್ತೆ ವಿಷಯ ಏನೋ ಹೇಳ್ತಿದ್ದೆಯಲ್ಲ?"

ಭಾವ ಬಿಗಿದ ಮುಖದಲ್ಲಿ ತಮ್ಮ ಗಾಡಿ ಹತ್ತಿ ಹೊರಟರು. ಗೇಟು ದಾಟಿರಲಿಲ್ಲ, ಝಣ್ ಎಂದು ಚೈನು ಕಳಚಿ ಸತ್ತ ಹಾವಿನ ಹಾಗೆ ನೆಲದ ಮೇಲೆ ಬಿತ್ತು. ಗುಮಾಸ್ತರು ಹತ್ತಿರ ಹೋಗಿ, ಜೇಬಿಗೆ ಕೈಹಾಕಿ, ಆ ನಟ್ಟನ್ನು ಮುಂದೆ ಹಿಡಿದರು.

ಯಾರೋ ಮೆಕ್ಯಾನಿಕ್ಕಿಗೆ ಫೋನು ಮಾಡೋಣವೆಂದರು. ಭಾವ ಸಿಡಿದೆದ್ದರು. 'ನಮ್ಮ ಗಾಡಿ, ನಮ್ಮ ಕೈ' ಎಂದು ಊರಿಗೆಲ್ಲ ಸಾರಿದ ಅಧ್ಯಕ್ಷನ ಗಾಡಿ ಮೆಕ್ಯಾನಿಕ್ಕಿನ ಅಂಗಡಿ ಮುಂದೆ ನಿಂತರೆ ಸಂಘದ ಮಾನ ಏನಾಗಬೇಕು? ಗಾಡಿ ಸಭಾಂಗಣದಲ್ಲೇ ಇರುತ್ತದೆ, ತಿಂಗಳಿಗೊಂದು ಕಲಿಕಾ ಸಂಜೆ ನಡೆಯುತ್ತದೆ, ಎಲ್ಲರೂ ಸೇರಿ ಇದನ್ನು ಸರಿಮಾಡುತ್ತಾರೆ. ಹೀಗೆಂದು ಅಲ್ಲೇ ಠರಾವು ಪಾಸಾಯಿತು.

"ಅಲ್ಲೀತನಕ ನಿನ್ನ ಗಾಡಿ ನನಗಿರಲಿ," ಎಂದರು ಭಾವ. "ಎಲ್ಲಾ ನಿನ್ನಿಂದ್ಲೇ ಆಗಿದ್ದು ತಾನೆ?"

ಗುಮಾಸ್ತರು ಅಳುಕುತ್ತ ಜೇಬು ತಡಕಿದರು. "ಕೀಲಿಕೈ..."

"ಬೇಡ ಬಿಡು. ನನ್ನದೇ ಆಗುತ್ತೆ."

ಗಂಡಹೆಂಡಿರು ನಡೆದುಕೊಂಡು ಮನೆಗೆ ಬಂದರು. ಬೆಳಿಗ್ಗೆ ಬರಬೇಕಿದ್ದ ಗಿರಾಕಿಗೆ ಭಾವನೇ ಫೋನು ಮಾಡಿ ಬೇಡವೆಂದರು. ಅಷ್ಟರಮಟ್ಟಿಗೆ ಗುಮಾಸ್ತರು ಗೆದ್ದ ಹಾಗೆಯೇ. ಗಾಡಿ ಪರರ ಪಾಲಾಗಲಿಲ್ಲ, ಮನೆಯವರ ಹತ್ತಿರವೇ ಉಳಿಯಿತು. ರಾತ್ರಿ ಹಾಸಿಗೆಯಲ್ಲಿ ಅವರು ಇದನ್ನೇ ಮತ್ತೆ ಮತ್ತೆ ಹೇಳಿಕೊಂಡು ಸಮಾಧಾನಪಟ್ಟರು.

ಸೋಮವಾರ ಬೆಳಿಗ್ಗೆ ಭಾವ ಕೀಂಚ್ ಕೀಂಚ್ ಎಂದು ಬಂದು ಮನೆ ಮುಂದೆ ನಿಂತರು. ಅಂಗಡಿಗೆ ಹೋಗುವ ದಾರಿಯೇ ಶಿಶುವಿಹಾರದ ದಾರಿಯಾದ್ದರಿಂದ ತಂಗಿಯನ್ನು ಬಿಡುತ್ತೇನೆಂದರು. ತಂಗಿ ಗಾಡಿಯನ್ನೊಮ್ಮೆ ನೋಡಿ ಒಳಗೆ ಹೋಗಿ, ಹೊಲಿಗೆ ಯಂತ್ರದ ಎಣ್ಣೆಡಬ್ಬಿ ತಂದರು. ಸೀಟನ್ನು ಎತ್ತಿ, ಅದು ಮಡಚಿಕೊಳ್ಳುವ ಒಣಗಿದ ಕೀಲಿಗೆ ಒಂದು ತೊಟ್ಟು ಬಿಟ್ಟರು. ಸೀಟು ಮುಚ್ಚಿ ಕೈಯಿಂದ ಒತ್ತಿದರು. ಸದ್ದಿಲ್ಲ.

ಗುಮಾಸ್ತರು ಬಾಯಿ ತೆರೆದುಕೊಂಡು ನಿಂತಿದ್ದರು. ನಿನಗೆ ಹೇಗೆ ಗೊತ್ತಾಯಿತೆಂದು ಕಷ್ಟಪಟ್ಟು ಕೇಳಿದರು.

"ಮೊನ್ನೆ ಅಣ್ಣನ ಗಾಡಿ ಸೀಟು ಬಿಚ್ಚಿ ನನ್ನ ಪಕ್ಕದಲ್ಲೇ ಇಟ್ಟಿದ್ರಲ್ಲ. ಅದರ ಕೀಲಿಗೆ ಎಣ್ಣೆ ಇತ್ತು. ನೀವೆಲ್ಲ ಸುತ್ತಿಗೆ ಹಿಡ್ಕೊಂಡಿದ್ರಿ, ನಾನು ಸುಮ್ನೆ ಕೂತು ನೋಡ್ತಿದ್ದೆ ಅಷ್ಟೆ."

ಇಡೀ ಬಡಾವಣೆಯಲ್ಲಿ ಆ ಸಂಜೆ ಏನಾದರೂ ಕಲಿತವರು ಅವರೊಬ್ಬರೇ ಇರಬೇಕು.

ಗುಮಾಸ್ತರು ಊಟದ ಡಬ್ಬಿ ಹಿಡಿದು ಬಸ್‌ಸ್ಟಾಪಿಗೆ ನಡೆದರು. ಬಸ್ಸು ಎಂದಿನಂತೆ ತಡ. ಬೇಕರಿಯವರು ಬಾಗಿಲಲ್ಲಿ ನಿಂತು, ಈ ದಿನ ಇನ್ನೂ ಕೀಚು ಕೇಳಲೇ ಇಲ್ಲವಲ್ಲ, ಟೈಮೆಷ್ಟಾಯಿತೆಂದು ಇವರನ್ನೇ ಕೇಳಿದರು. ಅಷ್ಟರಲ್ಲಿ ಮೂಲೆಯಿಂದ ಒಂದು ಕಪ್ಪು ಗಾಡಿ ತಿರುಗಿ ಬಂತು. ಕಿಂಚಿತ್ತೂ ಸದ್ದಿಲ್ಲದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗುತ್ತಿತ್ತು. ಮುಂದೆ ಭಾವ ಎದೆಯುಬ್ಬಿಸಿ ಕೂತಿದ್ದರು. ಹಿಂದೆ ಗುಮಾಸ್ತರ ಹೆಂಡತಿ. ಒಂದು ಕೈ ಅಣ್ಣನ ಹೆಗಲ ಮೇಲಿತ್ತು. ಇನ್ನೊಂದು ಕೈಯನ್ನು ಗಂಡನ ಕಡೆ ಬೀಸಿ, ಸಂಜೆ ಬೇಗ ಬನ್ನಿ ಎಂದು ನಗುತ್ತ ಹೇಳಿ ಮುಂದೆ ಹೋದರು.

ಗುಮಾಸ್ತರೂ ಕೈ ಬೀಸಿದರು. ಆಮೇಲೆ ಬಸ್ಸು ಬರುವ ತನಕ, ಮುಂದಿನ ಕಲಿಕಾ ಸಂಜೆಗೆ ಎಷ್ಟು ದಿನ ಉಳಿದಿದೆಯೆಂದು ಬೆರಳು ಮಡಚಿ ಎಣಿಸುತ್ತ ನಿಂತರು.