ರೈಫಲ್ಲಿನ ಹೊಟ್ಟೆಗೆ ಅಕ್ಷತೆ

ನಾನಿರುವ ಈ ಪರದೇಶದ ಊರು ನ್ಯೂ ಲಿನ್‌ನಲ್ಲಿ ನಿಜವಾದ ಆಯುಧಕ್ಕೆ ಆಯುಧ ಪೂಜೆ ಮಾಡಿದವನು ನಾನೊಬ್ಬನೇ ಇರಬೇಕು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಈ ದೇಶಕ್ಕೆ ಬಂದ ಮೇಲೆ ಹದಿನಾಲ್ಕು ವರ್ಷ ಲ್ಯಾಪ್‌ಟಾಪು, ಮಿಕ್ಸಿ, ಹುಲ್ಲು ಕತ್ತರಿಸುವ ಮೆಷಿನ್ನು, ಇವಕ್ಕೇ ಕುಂಕುಮ ಹಚ್ಚಿ ಸಮಾಧಾನಪಟ್ಟಿದ್ದೆ. ಹೋದ ವರ್ಷ ಮಾತ್ರ ನನ್ನ ಬಳಿ ನೂರು ವರ್ಷ ದಾಟಿದ ರೈಫಲ್ ಇತ್ತು! ಲೈಸೆನ್ಸ್ ಇತ್ತು, ಬೀಗ ಹಾಕುವ ಉಕ್ಕಿನ ಕಪಾಟು ಇತ್ತು, ಅಗಲ ಅಂಚಿನ ಟೋಪಿಯೂ ಇತ್ತು.

ನಮ್ಮ ಕ್ಲಬ್ಬಿನಲ್ಲಿ ಹಳೆಯ ಕಾಲದ ಕೌಬಾಯ್‌ಗಳ ಹಾಗೆ ವೇಷ ಹಾಕಿ, ಹಳೆಯ ಬಂದೂಕುಗಳಿಂದ ಕಬ್ಬಿಣದ ತಟ್ಟೆಗಳಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಗುರಿಯೂ ಬೇಕು, ವೇಗವೂ ಬೇಕು. ರೈಫಲ್ಲನ್ನು ನನಗೆ ಕೊಟ್ಟವರು ಅದೇ ಕ್ಲಬ್ಬಿನ ಗ್ರಹಾಂ, ಎಂಬತ್ತು ದಾಟಿದ ಹಿರಿಯರು. ಅದು ಅವರ ತಾತನದು. ಈಗ ಕೈ ನಡುಗುತ್ತದೆ ಎಂದು ಅದನ್ನು ನನಗೆ ಒಪ್ಪಿಸುವಾಗ ಒಂದು ಷರತ್ತು ಹಾಕಿದ್ದರು.

"ನೋಡು ಮರಿ, ಇದನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಗೊತ್ತಾದ್ರೆ ವಾಪಸ್ ತಗೊಂಡು ಹೋಗ್ತೀನಿ."

"ದೇವರ ಹಾಗೆ ನೋಡ್ಕೊಳ್ತೀನಿ ಸರ್" ಎಂದಿದ್ದೆ. ಅನಾಹುತಕ್ಕೆ ಅಲ್ಲೇ ಮುಹೂರ್ತವಾಯಿತು.

ಸ್ಪರ್ಧೆ ಸರಿಯಾಗಿ ವಿಜಯದಶಮಿಯ ದಿನವೇ ಬಂತು. ಹತ್ತಕ್ಕೆ ಹತ್ತು ತಟ್ಟೆ ಬಾರಿಸಿ ಗ್ರಹಾಂ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳಲೇಬೇಕೆಂದು ಹಟ ತೊಟ್ಟೆ. ಹಿಂದಿನ ದಿನ ಪೂಜೆಗೆ ಕುಳಿತೆ. ಬಂದೂಕನ್ನು ದೇವರ ಮನೆಯಲ್ಲಿ ಇಟ್ಟು ಹೋಗುವ ಹಾಗಿಲ್ಲವಲ್ಲ, ಕಾನೂನು! ಆದ್ದರಿಂದ ಉಕ್ಕಿನ ಕಪಾಟಿಗೇ ಮಾವಿನೆಲೆ ಸಿಗದೆ ನಿಂಬೆ ಎಲೆಯ ತೋರಣ ಕಟ್ಟಿದೆ.

ನನ್ನ ಹೆಂಡತಿ ಸುಧಾ ರೈಫಲ್ಲಿನ ಮರದ ಹಿಡಿಯ ಮೇಲೆ ಸಾಸಿವೆ ಕಾಳಿನಷ್ಟು ಕುಂಕುಮ ಇಟ್ಟು ಕೈಮುಗಿದಳು.

"ಇಷ್ಟು ಸಾಕು ಕಣ್ರೀ. ಒಳಗೆಲ್ಲ ಏನೂ ಹಾಕ್ಬೇಡಿ."

"ಇಷ್ಟೇನಾ? ಮಿಕ್ಸಿಗೆ ಇದಕ್ಕಿಂತ ಜಾಸ್ತಿ ಮಾಡ್ತೀಯ!"

"ಮಿಕ್ಸಿ ತೊಳೀಬಹುದು ರೀ."

ಹೆಂಗಸರಿಗೆ ಶಸ್ತ್ರಾಸ್ತ್ರ ವಿಚಾರ ತಿಳಿಯದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಅವಳು ಕೋಸಂಬರಿ ಮಾಡಲು ಅಡುಗೆಮನೆಗೆ ಹೋದದ್ದೇ ತಡ, ವಿಧಿವತ್ತಾದ ಪೂಜೆ ಆರಂಭಿಸಿದೆ. ನಳಿಕೆಗೆ ಗಂಧ, ಗುಂಡು ಏರಿಸಲು ಎಳೆಯುವ ಲಿವರಿಗೆ ಅರಿಶಿನ. ಪಕ್ಕದಲ್ಲಿ ಗುಂಡು ತುಂಬುವ ಸಣ್ಣ ಬಾಗಿಲೊಂದಿದೆ. ನಾಳೆ ಕೆಲಸ ಮಾಡುವುದು ಅದೇ ತಾನೆ? ಅದನ್ನು ಒತ್ತಿ ತೆರೆದು ತುಪ್ಪದಲ್ಲಿ ಕಲಸಿದ ಅಕ್ಷತೆಯನ್ನು ಭಕ್ತಿಯಿಂದ ಮೂರು ಸಲ ಒಳಗೆ ಹಾಕಿದೆ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು.

"ಅಪ್ಪಾ, ಆರ್ ಯೂ ಫೀಡಿಂಗ್ ದ ಗನ್?"

"ಇದು ನಮ್ಮ ಸಂಪ್ರದಾಯ ಪುಟ್ಟಿ" ಎಂದು ಗಂಭೀರವಾಗಿ ಹೇಳಿದೆ. ಪೂಜೆಗೆ ಇಟ್ಟ ಆಯುಧವನ್ನು ಮರುದಿನದವರೆಗೆ ಅಲುಗಿಸಬಾರದು. ಹಾಗಾಗಿ ಬೀಗ ಹಾಕಿ ನೆಮ್ಮದಿಯಿಂದ ಕೋಸಂಬರಿ ತಿಂದೆ.

ಬೆಳಿಗ್ಗೆ ಹೊರಗಿನ ಗಂಧವನ್ನೆಲ್ಲ ಒರೆಸಿದೆ. ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿದೆ, ಶುಭ್ರ. ರೈಫಲ್ಲನ್ನು ಬುಡಮೇಲು ಮಾಡಿ ತಟ್ಟಿದಾಗ ನಾಲ್ಕು ಅಕ್ಕಿಕಾಳು ಬಿದ್ದವು. ನಾಲ್ಕೇ ಹಾಕಿದ್ದೆ ಎಂದು ಯಾಕೋ ನಂಬಿಬಿಟ್ಟೆ.

ಸ್ಪರ್ಧೆಯ ಮೈದಾನದ ಬೇಲಿಯಾಚೆ ಕುರಿಗಳು ಮೇಯುತ್ತಿದ್ದವು. ಗ್ರಹಾಂ ಮಡಚುವ ಕುರ್ಚಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದರು, ಪಕ್ಕದಲ್ಲಿ ಸುಧಾ. ಗುಂಡು ತುಂಬುವಾಗ ಒಂದೊಂದೂ ಬಿಗಿಯಾಗಿ ಹೋಯಿತು. ಪೂಜೆಯಾದ ಆಯುಧ, ಸ್ವಲ್ಪ ಬಿಗುಮಾನ ಇರುತ್ತದೆ ಎಂದುಕೊಂಡು ಹೆಬ್ಬೆರಳಿನಿಂದ ಒತ್ತಿ ತುಂಬಿದೆ.

ಟೈಮರ್ ಕೂಗಿತು. ಲಿವರ್ ಎಳೆದೆ, ಗುರಿಯಿಟ್ಟೆ, ಹೊಡೆದೆ. ಠಣ್! ಮೊದಲ ತಟ್ಟೆ! ಮತ್ತೆ ಲಿವರ್ ಎಳೆದೆ. ಕರ್ ಎಂದು ಅರ್ಧಕ್ಕೆ ನಿಂತಿತು. ನಳಿಕೆಯನ್ನು ತಟ್ಟೆಗಳ ಕಡೆಗೇ ಹಿಡಿದು ಹಲ್ಲು ಕಚ್ಚಿ ಜಗ್ಗಿದೆ. ಒಳಗಿನಿಂದ ಹಳದಿ ಅಕ್ಕಿ ಉದುರಿತು. ಇನ್ನೊಮ್ಮೆ ಜಗ್ಗಿದೆ. ಇನ್ನಷ್ಟು ಅಕ್ಕಿ! ಪ್ರಾಣ ಹೋದರೂ ಕೈ ಎತ್ತಿ ಸೋಲೊಪ್ಪಬಾರದೆಂದು ನಾನು ಜಗ್ಗುತ್ತಲೇ ಇದ್ದೆ, ಅದು ಧಾರೆ ಮುಹೂರ್ತದ ಹಾಗೆ ಅಕ್ಷತೆ ಸುರಿಸುತ್ತಲೇ ಇತ್ತು.

ಮೇಲ್ವಿಚಾರಕ ನನ್ನ ಭುಜದ ಮೇಲೆ ಕೈಯಿಟ್ಟ.

"ನಿಲ್ಲಿಸು ಗೆಳೆಯ. ಇದಕ್ಕೆ ಏನು ತುಂಬಿದ್ದೀಯ?"

"ಗುಂಡು" ಎಂದೆ. ಅವನು ಬಗ್ಗಿ ನೆಲದ ಮೇಲಿನ ಒಂದು ಕಾಳು ಹೆಕ್ಕಿ ನೋಡಿದ. ಮರ್ಯಾದೆಗಾಗಿ "ಮತ್ತು ಅಕ್ಕಿ" ಎಂದು ಸೇರಿಸಿದೆ.

ಗುಂಡುಗಳನ್ನು ಜೋಪಾನವಾಗಿ ಹೊರತೆಗೆದ ಮೇಲೆ ಗ್ರಹಾಂ ರೈಫಲ್ಲನ್ನು ಮೇಜಿನ ಮೇಲೆ ಮಲಗಿಸಿ ಒಂದೊಂದೇ ಸ್ಕ್ರೂ ಬಿಚ್ಚತೊಡಗಿದರು. ನಡುಗುವ ಆ ಕೈಗಳನ್ನು ನೋಡಿ ನನಗೆ ನಿಜಕ್ಕೂ ಅಳು ಬಂತು. ರೈಫಲ್ ಹೋಯಿತು ಎಂದೇ ನಿಶ್ಚಯಿಸಿದೆ. ತುಪ್ಪ ಮೆತ್ತಿದ ಅಕ್ಕಿ ಒಂದು ಹಿಡಿಯಷ್ಟಾಯಿತು.

"ಇದರೊಳಗೆ ಮರಳು ನೋಡಿದ್ದೀನಿ, ಕಣಜದ ಗೂಡೂ ನೋಡಿದ್ದೀನಿ. ಊಟ ಇದೇ ಮೊದಲು. ಯಾಕೆ?"

ವರ್ಷವಿಡೀ ನಮಗಾಗಿ ದುಡಿಯುವ ವಸ್ತುಗಳಿಗೆ ಒಂದು ದಿನ ವಿಶ್ರಾಂತಿ ಕೊಟ್ಟು ಕೈಮುಗಿಯುತ್ತೇವೆ ಎಂದು ತೊದಲುತ್ತಾ ವಿವರಿಸಿದೆ. ಅವರು ಮರದ ಹಿಡಿಯ ಮೇಲೆ ಉಳಿದಿದ್ದ ಪುಟ್ಟ ಕೆಂಪು ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು.

"ನಮ್ಮ ತಾತ ಇದರಿಂದ ಬದುಕಿದ. ಯಾರೂ ಇದಕ್ಕೆ ಥ್ಯಾಂಕ್ಸ್ ಹೇಳಿರಲಿಲ್ಲ. ಇದು ನಿಮ್ಮನೇಲೇ ಇರಲಿ. ಮುಂದಿನ ವರ್ಷ ನನ್ನ ಹತ್ರ ಉಳಿದಿರೋ ಮೂರನ್ನೂ ಪೂಜೆಗೆ ತರ್ತೀನಿ."

ನನ್ನ ಎದೆ ಉಬ್ಬಿತು. ಟೋಪಿ ಸರಿಮಾಡಿಕೊಂಡೆ. ಏನೆಲ್ಲ ಸಾಮಗ್ರಿ ಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ಹೇಳಲು ಬಾಯಿ ತೆರೆದೆ.

ಗ್ರಹಾಂ ನನ್ನನ್ನು ದಾಟಿ ಸುಧಾಳ ಕಡೆ ತಿರುಗಿದರು. "ಈ ಚುಕ್ಕೆ ಇಟ್ಟಿದ್ದು ನೀನು ತಾನೆ? ಪೂಜೆ ನೀನೇ ಮಾಡಬೇಕು."

"ಆಯ್ತು ಅಂಕಲ್" ಎಂದಳು ಸುಧಾ. "ಇವರಿಗೆ ಏನು ಕೆಲಸ ಕೊಡೋಣ?"

ಇಬ್ಬರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸಮಾಲೋಚನೆ ನಡೆಸಿದರು. ತೀರ್ಮಾನ ಸರ್ವಾನುಮತದಿಂದ ಅಂಗೀಕಾರವಾಗಿದೆ. ಮುಂದಿನ ಆಯುಧ ಪೂಜೆಯಲ್ಲಿ ನಾನು ಗಂಟೆ ಬಾರಿಸತಕ್ಕದ್ದು. ಅದೂ ಬಂದೂಕುಗಳಿಂದ ಎರಡು ಮೀಟರ್ ದೂರ ನಿಂತು!