ಕಳ್ಳತನದಲ್ಲಿ ಆನರ್ಸ್

ಡಾಕ್ಟರಿಕೆ ಓದುವವರು ಸಿಕ್ಕರೆ ನೆಂಟರು ನಾಲಿಗೆ ಚಾಚಿ ತೋರಿಸುತ್ತಾರೆ. ವಕೀಲಿಕೆ ಓದುವವರಿಗೆ ಜಮೀನಿನ ಪತ್ರ ತೋರಿಸುತ್ತಾರೆ. ಅಪರಾಧಶಾಸ್ತ್ರ ಓದುವವರಿಗೆ ಏನು ತೋರಿಸಬೇಕೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಇರಬೇಕು, ನಮ್ಮ ಸುತ್ತ ಏನಾದರೊಂದು ನಡೆಯುತ್ತಲೇ ಇತ್ತು. ಐವತ್ತರ ದಶಕದಲ್ಲಿ ಮೈಸೂರಿನಲ್ಲಿ ಮೂರು ವರ್ಷ ಆನರ್ಸ್ ಓದಿದೆ. ಇದ್ದವರು ನಾಲ್ವರು: ಮೈಸೂರಿನ ಇಬ್ಬರು ಹುಡುಗರು, ಕಡಕೊಳದ ರೈತರ ಮನೆಯ ಒಬ್ಬ, ಮತ್ತೆ ನಾನು. ಹೆಣ್ಣು ನಾನೊಬ್ಬಳೇ.

ಶಾಸ್ತ್ರ

ನಮ್ಮ ತಂದೆಗೆ ಅರಮನೆ ಕಚೇರಿಯಲ್ಲಿ ಕೆಲಸ. ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಪ್ರಥಮ ದರ್ಜೆ ಬಂದರೆ ಎಂ.ಎ. ಓದು. ಬರದಿದ್ದರೆ ಗಂಡು ನೋಡ್ತೀನಿ." ಅಷ್ಟು ಹೇಳಿ ಪತ್ರಿಕೆ ಬಿಡಿಸಿಕೊಂಡರು.

ಕಷ್ಟವಾಗಿದ್ದು ಸೋದರಮಾವನಿಗೆ. ಅವರು ಪಂಚಾಂಗ ನೋಡದೆ ಕ್ಷೌರಕ್ಕೂ ಕೂರುವವರಲ್ಲ. ನಾನು ಓದುವ ವಿಷಯದ ಹೆಸರು ಕೇಳಿ ಕೈಯಲ್ಲಿದ್ದ ಪಂಚಾಂಗ ಮಡಿಸಿಟ್ಟರು.

"ಪಾಕಶಾಸ್ತ್ರ ಕೇಳಿದೀನಿ, ವಾಸ್ತುಶಾಸ್ತ್ರ ಕೇಳಿದೀನಿ. ಅಪರಾಧಕ್ಕೂ ಶಾಸ್ತ್ರ ಇದೆ ಅಂತ ಗೊತ್ತಿರಲಿಲ್ಲ ಕಣಮ್ಮ. ರಾಹುಕಾಲದಲ್ಲಿ ಕದೀಬಹುದಂತೋ?"

ಕಡಕೊಳದ ನಮ್ಮ ಸಹಪಾಠಿಯ ಪಾಡು ಇನ್ನೂ ಕಷ್ಟ. ರಜಕ್ಕೆ ಊರಿಗೆ ಹೋದಾಗ ಅವನ ಚಿಕ್ಕಮ್ಮ, "ಈ ವರ್ಸ ಏನ್ ಕಲ್ಸುದ್ರು ಮಗಾ?" ಅಂತ ಅಕ್ಕರೆಯಿಂದ ವಿಚಾರಿಸಿದರಂತೆ. "ಕಳ್ಳತನ ಚಿಕ್ಕವ್ವ" ಅಂದ. ಅವರು ತಲೆ ಸವರಿ, ರೊಟ್ಟಿ ಬಡಿಸಿ, ಹಿತ್ತಲಿಗೆ ಹೋಗಿ ಕೋಳಿಗಳನ್ನು ಎಣಿಸಿಕೊಂಡು ಬಂದರಂತೆ.

ಪ್ರತ್ಯಕ್ಷ ಸಾಕ್ಷಿಗಳು

ನಮ್ಮ ಮೇಷ್ಟ್ರು ವಿಲಾಯಿತಿಯಲ್ಲಿ ಓದಿ ಬಂದವರು. ಕಣ್ಣಾರೆ ಕಂಡವರ ಸಾಕ್ಷಿಯನ್ನೂ ಪೂರ್ತಿ ನಂಬಬಾರದು ಎನ್ನುವುದು ಅವರ ಮೆಚ್ಚಿನ ಪಾಠ. ಒಂದು ದಿನ ಅವರು ಬೋರ್ಡಿನ ಕಡೆ ತಿರುಗಿ ಅದನ್ನೇ ಬರೆಯುತ್ತಿದ್ದಾಗ ಒಬ್ಬಾತ ತರಗತಿಯೊಳಗೆ ಬಂದ. ಮೇಜಿಗೆ ಒರಗಿಸಿದ್ದ ಮೇಷ್ಟ್ರ ಕೊಡೆ ಎತ್ತಿಕೊಂಡ. ನಮಗೆಲ್ಲ ಒಂದು ನಮಸ್ಕಾರ ಹಾಕಿ ಹೊರಟುಹೋದ.

ಕಡಕೊಳದವನು ಎದ್ದು ಹಿಡಿಯಲು ಹೊರಟ. "ಕೂತ್ಕೊಳಪ್ಪ," ಅಂದರು ಮೇಷ್ಟ್ರು, ನಗುತ್ತ. "ಇದು ನಾನೇ ಮಾಡಿಸಿದ ಪ್ರಯೋಗ. ಈಗ ಬಂದವನು ಹೇಗಿದ್ದ, ಐದು ನಿಮಿಷದಲ್ಲಿ ಬರೀರಿ."

ಬರೆದೆವು. ಒಬ್ಬನ ಪ್ರಕಾರ ಅವನು ಎತ್ತರದ ಆಳು, ಇನ್ನೊಬ್ಬನ ಪ್ರಕಾರ ಗಿಡ್ಡ. ಕಡಕೊಳದವನು ರುಮಾಲು ಕಂಡಿದ್ದ, ನಾನು ಬೋಳುತಲೆ ಕಂಡಿದ್ದೆ. ಮೇಷ್ಟ್ರು ಒಂದೊಂದನ್ನೂ ಗಟ್ಟಿಯಾಗಿ ಓದಿದರು. "ನೋಡಿದಿರಾ? ನಾಲ್ಕು ಜನ ಸಾಕ್ಷಿಗಳು, ನಾಲ್ಕು ಜನ ಕಳ್ಳರು." ಅವರಿಗೆ ಆದ ಸಂತೋಷ ಹೇಳತೀರದು.

ಆಗ ಕಾಲೇಜಿನ ಜವಾನ ಒಳಗೆ ಇಣುಕಿದ.

"ತಪ್ಪಾಯ್ತು ಬುದ್ಧಿ, ಪ್ರಿನ್ಸಿಪಾಲರು ಕೆಲ್ಸ ಯೋಳ್ಬುಟ್ರು, ವಸಿ ತಡ ಆಯ್ತು. ಈಗ ಕೊಡೆ ಎತ್ಕೊಂಡು ಓಡ್ಲಾ?"

ಹತ್ತು ಬೆರಳು

ಎರಡನೆಯ ವರ್ಷ ಬೆರಳಚ್ಚಿನ ಅಭ್ಯಾಸ. ಮನೆಯವರೆಲ್ಲರ ಹತ್ತು ಬೆರಳಿನ ಗುರುತನ್ನೂ ರೆಕಾರ್ಡ್ ಪುಸ್ತಕದಲ್ಲಿ ತೆಗೆದುಕೊಂಡು ಹೋಗಬೇಕಿತ್ತು. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ತಂದೆ ಕೊಟ್ಟರು, ತಾಯಿ ಕೊಟ್ಟರು. ಅಜ್ಜಿಯ ಮುಂದೆ ಮಸಿ ಹಚ್ಚಿದ ಗಾಜು ಹಿಡಿದಾಗ ಅವರ ಮುಖ ಕೆಂಪಾಯಿತು.

"ಹೆಬ್ಬೆಟ್ಟು ಒತ್ತಬೇಕಾ? ನಾನಾ?"

"ಪಾಠಕ್ಕೆ ಅಜ್ಜಿ. ಅಪ್ಪನೂ ಒತ್ತಿದಾರೆ."

"ನಿಮ್ಮಪ್ಪ ಏನಾದರೂ ಮಾಡಿಕೊಳ್ಳಲಿ. ಗಂಡ ಸತ್ತ ಮೇಲೆ, ಮೂವತ್ತೈದನೇ ವಯಸ್ಸಿನಲ್ಲಿ ಅಡಿಗೆಮನೆ ಬೂದೀಲಿ ಅಕ್ಷರ ತಿದ್ದಿದವಳು ಕಣೇ ನಾನು. ಹೆಬ್ಬೆಟ್ಟು ಒತ್ತು ಅಂತ ಆಮೇಲೆ ಒಬ್ಬರೂ ಹೇಳಿಲ್ಲ."

ನನಗೆ ಅದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಗಾಜು ಒಳಗಿಟ್ಟು, ಪುಸ್ತಕ ಅಲ್ಲೇ ಬಿಟ್ಟು ಮುಖ ತೊಳೆಯಲು ಹೋದೆ. ಅಜ್ಜಿಗೂ ಕರುಳು ಚುರುಕ್ ಎಂದಿರಬೇಕು. ಬರುವಷ್ಟರಲ್ಲಿ ಪುಸ್ತಕ ತುಂಬಿಕೊಟ್ಟಿದ್ದರು. ಬಲ ಹೆಬ್ಬೆರಳು, ತೋರುಬೆರಳು, ನಡುಬೆರಳು ಎಂದು ಅಚ್ಚಾದ ಹತ್ತು ಚೌಕಗಳಲ್ಲೂ ದುಂಡಗೆ ಹತ್ತು ರುಜು.

ಅದನ್ನೇ ಮೇಷ್ಟ್ರ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ಹತ್ತನ್ನೂ ನೋಡಿ ಕೆಳಗೆ ಬರೆದರು: "ಹತ್ತು ಬೆರಳೂ ಒಂದೇ ರೀತಿ ಇವೆ. ಅಪರೂಪದ ಪ್ರಕರಣ."

ಕಾರಣ

ಕೊನೆಯ ವರ್ಷ ಒಬ್ಬೊಬ್ಬರೂ ಒಬ್ಬ ಕೈದಿಯನ್ನು ಮಾತನಾಡಿಸಿ, ಅವನು ಯಾಕೆ ಅಪರಾಧಿಯಾದ ಎಂದು ವರದಿ ಬರೆಯಬೇಕಿತ್ತು. ಅದರ ಅಂಕ ಕೈಕೊಟ್ಟರೆ ಪ್ರಥಮ ದರ್ಜೆ ಇಲ್ಲ, ಎಂ.ಎ. ಇಲ್ಲ. ನಲವತ್ತು ಪ್ರಶ್ನೆ ಬರೆದುಕೊಂಡು ಜೈಲಿಗೆ ಹೋದೆ. ಜೈಲರು ನನ್ನ ಪಾಲಿಗೆ ಕೊಟ್ಟಿದ್ದು ಬಿಳಿ ಮೀಸೆಯ ಒಬ್ಬ ಮುದುಕನನ್ನು. ಮನೆಗಳ್ಳ, ಆರನೆಯ ಸಲ ಒಳಗೆ ಬಂದವನು. ಎಲ್ಲಿ ಕೂರುವುದೆಂದು ನೋಡಿದೆ. ಅವನೇ ಬೆಂಚು ಒರೆಸಿದ.

"ಕೂತ್ಕೊಳ್ಳಿ ತಾಯಿ. ಆನರ್ಸಾ?"

"ಹೌದು. ನಿಮಗೆ ಹೇಗೆ ಗೊತ್ತು?"

"ವರ್ಸಾ ವರ್ಸಾ ಬತ್ತಾರಲ್ಲ. ಓದ್ ವರ್ಸದೋರು ನನ್ ಕೈಲಿ ಬಡತನ ಅಂತ ಯೋಳ್ಸಿ ಬರ್ಕೊಂಡೋದ್ರು. ಅದ್ಕೂ ಮುಂಚಿನ್ ವರ್ಸದೋರಿಗೆ ಕೆಟ್ ಸಾವಾಸ ಅಂದಿದ್ದೆ. ನಿಮ್ ಮೇಷ್ಟ್ರು ಈ ವರ್ಸ ಯಾವ್ದು ಕೇಳ್ತಾವ್ರೆ?"

"ನನಗೆ ನಿಜ ಬೇಕು," ಅಂದೆ.

ಮುದುಕ ಮೀಸೆ ಸವರಿಕೊಂಡ. "ನಿಜ ಬರುದ್ರೆ ಅರ್ಧ ಪುಟಾನೂ ತುಂಬಕಿಲ್ಲ ಕಣವ್ವ."

"ಪರವಾಗಿಲ್ಲ. ಬಡತನ ಅಲ್ಲವಾ?"

"ನಮ್ಮಪ್ಪಂಗೆ ಮೂರೆಕರೆ ಗದ್ದೆ ಇತ್ತು."

"ಸಹವಾಸ?"

"ಒಬ್ನೇ ಓಯ್ತಿದ್ದೆ. ಜೊತೆಗಿದ್ರೆ ಸದ್ದಾಯ್ತದೆ."

"ಮತ್ತೆ ಮೊದಲನೇ ಸಲ ಯಾಕೆ ಕದ್ದಿರಿ?"

"ಬಾಗ್ಲು ತೆಗ್ದಿತ್ತು."

"ಎರಡನೇ ಸಲ?"

"ಅದೂ ತೆಗ್ದಿತ್ತು. ಜನ ಬಾಗ್ಲು ಆಕ್ಕೊಳಕಿಲ್ಲ ಕಣವ್ವ, ಏನ್ ಮಾಡ್ಲಿ?"

ಮಿಕ್ಕ ಮೂವತ್ತಾರು ಪ್ರಶ್ನೆಗಳಿಗೂ ಅದೇ ಉತ್ತರ. ಬಡತನ ಎಂದು ಬರೆದುಬಿಡಲೇ ಎಂದು ಎರಡು ದಿನ ಯೋಚಿಸಿದೆ. ಮನಸ್ಸು ಬರಲಿಲ್ಲ. ಅವನು ಹೇಳಿದ್ದನ್ನೇ ಅರ್ಧ ಪುಟ ಬರೆದು, ಜೀವ ಕೈಯಲ್ಲಿ ಹಿಡಿದು ಮೇಷ್ಟ್ರಿಗೆ ಕೊಟ್ಟೆ.

ಅವರು ಓದಿದರು. ಹಾಳೆ ತಿರುಗಿಸಿದರು, ಹಿಂದೆ ಏನೂ ಇರಲಿಲ್ಲ.

"ಮೂರು ವರ್ಷ ಐದು ಸಿದ್ಧಾಂತ ಪಾಠ ಮಾಡಿದೀನಲ್ಲಮ್ಮ. ಇದು ಯಾವುದಕ್ಕೆ ಸೇರುತ್ತೆ?"

"ಯಾವುದಕ್ಕೂ ಸೇರಲಿಲ್ಲ ಸಾರ್. ಆತ ಹೇಳಿದ್ದು ಇಷ್ಟೇ."

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿ ಹಾಕಿಕೊಂಡು ಆ ಅರ್ಧ ಪುಟವನ್ನು ಇನ್ನೊಮ್ಮೆ ಓದಿದರು. ಆಮೇಲೆ ಕೆಂಪು ಪೆನ್ಸಿಲ್ ತೆಗೆದುಕೊಂಡು ನನ್ನ ಪ್ರಥಮ ದರ್ಜೆಗೆ ಸಾಲುವಷ್ಟು ಅಂಕ ಹಾಕಿದರು. ಕೈಮುಗಿದು ಹೊರಟೆ. ಹೊಸ್ತಿಲು ದಾಟುವಾಗ ಹಿಂದಿನಿಂದ ಕರೆದರು.

"ನಿಮ್ಮ ಮನೆ ಒಂಟಿಕೊಪ್ಪಲಲ್ಲವಾ? ನಮ್ಮ ಮನೆ ನಿಮ್ಮ ದಾರಿಯಲ್ಲೇ ಸಿಗುತ್ತೆ. ಹೋಗ್ತಾ ನಮ್ಮ ಮನೆಯವರಿಗೆ ಒಂದು ಮಾತು ಹೇಳಿಬಿಡಮ್ಮ, ಹಿತ್ತಲ ಬಾಗಿಲು ಹಾಕ್ಕೊಳಕ್ಕೆ."